ಜುಗೂಳದಿಂದ ಬಂದ ಅಳತೆ

ಎಚ್ಚರವಾದಾಗ ನನ್ನ ಕಣ್ಣೊಳಗೆ ಒಂದು ಗಾಲಿ ಇನ್ನೂ ಉರುಳುತ್ತಿತ್ತು. ಸಪ್ಪಳವೇ ಇರಲಿಲ್ಲ. ಬಿಳಿ ಸೂಲಂಗಿ ಬಿಟ್ಟ ಕಬ್ಬಿನ ಮೇಲೆ ಅದು ನೀರಿನಲ್ಲಿ ತೇಲುವ ಹಾಗೆ ಹೋಗುತ್ತಿತ್ತು. ಹೋಗುತ್ತ ಹೋಗುತ್ತ ಟಾಯರು ರಿಮ್ಮಿನಿಂದ ಬಿಡಿಸಿಕೊಂಡಿತು. ಆಮೇಲೆ ಎರಡೂ ಅಕ್ಕಪಕ್ಕದಲ್ಲಿ, ಯಾವ ಅವಸರವೂ ಇಲ್ಲದೆ, ಸಂತೆಗೆ ಹೊರಟ ಗೆಳತಿಯರಂತೆ ಉರುಳತೊಡಗಿದವು. ನೋಡಲು ಚೆಂದವೇ ಇತ್ತು. ಎದ್ದು ಕೂತ ಮೇಲೆ ನೆನಪಾಯಿತು.

ಜುಗೂಳದ ಮುರಗೆಪ್ಪ ಕಾಕಾ ಕಳಿಸಿದ್ದ ಕಬ್ಬಿನ ತುಂಡು. ಅದನ್ನು ರಿಮ್ಮಿನ ಹೊರಗಿನಿಂದ ಅಳೆದು ಕತ್ತರಿಸಿದ್ದರೆ?

ಚಿಕ್ಕೋಡಿಯಲ್ಲಿ ನಮ್ಮ ಸೋದರಮಾವ ಜಿನ್ನಪ್ಪನ ಟಾಯರಿನ ಅಂಗಡಿ ಇದೆ. ನಾನು ಬೇಡಕಿಹಾಳದಿಂದ ಬಂದು ಆರು ವರ್ಷದಿಂದ ಅಲ್ಲಿ ಕೌಂಟರಿನಲ್ಲಿ ಕೂತಿದ್ದೇನೆ. ಸಂಜೆ ಕಾಲೇಜಿನಲ್ಲಿ ಓದಿ ಡಿಗ್ರಿ ಮುಗಿಸಿದ್ದೂ ಅಲ್ಲಿಂದಲೇ. ಜನವರಿಯಲ್ಲಿ ಮಾಮಾ ಕಣ್ಣಿನ ಆಪರೇಶನ್ನಿಗೆಂದು ಸಾಂಗಲಿಯ ಮಗಳ ಮನೆಗೆ ಹೋದರು. ಅಂಗಡಿಯ ಚಾವಿ ಎಂಟು ದಿನ ನನ್ನ ಕೈಗೆ ಬಂತು. ಇದು ಐದನೆಯ ದಿನ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಟ್ರಾಲಿಗಳು ಒಂದು ದಿನವೂ ಸುಮ್ಮನೆ ನಿಲ್ಲುವುದಿಲ್ಲ. ಟಾಯರು ಒಡೆದರೆ ಗಾಲಿಯನ್ನು ಹೊತ್ತುಕೊಂಡು ಚಿಕ್ಕೋಡಿಯ ತನಕ ಬರಲು ಯಾರಿಗೂ ಪುರಸೊತ್ತಿಲ್ಲ. ಅದಕ್ಕೇ ಊರವರು ರಿಮ್ಮಿನ ಅಗಲಕ್ಕೆ ಸರಿಯಾಗಿ ಒಂದು ಕಬ್ಬಿನ ತುಂಡು ಕತ್ತರಿಸಿ, ಹೆಸರು ಬರೆದ ಚೀಟಿ ಕಟ್ಟಿ, ಹಾಲಿನ ಗಾಡಿಯವನ ಕೈಲಿ ಕೊಟ್ಟು ಕಳಿಸುತ್ತಾರೆ. ನಾವು ತುಂಡನ್ನು ಉಕ್ಕಿನ ಸ್ಕೇಲಿಗೆ ಹಚ್ಚಿ ನೋಡಿ, ಅದಕ್ಕೆ ಹೊಂದುವ ಟಾಯರನ್ನು ಅದೇ ಗಾಡಿಯಲ್ಲಿ ವಾಪಸ್ಸು ಕಳಿಸುತ್ತೇವೆ. ಊರಿನ ಪಂಚರ್ ಅಂಗಡಿಯವನು ಕೂಡಿಸಿಕೊಡುತ್ತಾನೆ. ಮೂವತ್ತು ವರ್ಷದಿಂದ ಹೀಗೇ ನಡೆದಿದೆಯಂತೆ. ಹಂಗಾಮು ಮುಗಿಯುವ ಹೊತ್ತಿಗೆ ನಮ್ಮ ಕೌಂಟರಿನ ಕೆಳಗಿನ ಬುಟ್ಟಿ ತುಂಬ ಕಬ್ಬಿನ ಅಳತೆಗಳು, ಅವುಗಳ ತುಂಬ ಇರುವೆಗಳು.

ಟಾಯರಿನ ಬದಿಗೆ ಎರಡು ಸಂಖ್ಯೆ ಉಬ್ಬಿಸಿ ಬರೆದಿರುತ್ತಾರೆ. ಏಳೂವರೆ ಹದಿನಾರು ಎಂದರೆ, ಟಾಯರಿನ ದಪ್ಪ ಏಳೂವರೆ ಇಂಚು, ಅದು ಕೂರುವ ರಿಮ್ಮಿನ ಎತ್ತರ ಹದಿನಾರು ಇಂಚು. ಎತ್ತರ ಹೊಂದದಿದ್ದರೆ ಟಾಯರು ಒಳಗೇ ಹೋಗುವುದಿಲ್ಲ, ಹೀಗಾಗಿ ಅಲ್ಲಿ ಮೋಸವಿಲ್ಲ. ಮೋಸವಿರುವುದು ಅಗಲದಲ್ಲಿ. ಏಳೂವರೆಯ ಟಾಯರಿಗೆ ಆರಿಂಚು ಅಗಲದ ರಿಮ್ಮು ಬೇಕು. ಐದೂವರೆ ಇದ್ದರೂ ನಡೆಯುತ್ತದೆ. ಅದಕ್ಕಿಂತ ಕಿರಿದಾದ ರಿಮ್ಮಿನ ಮೇಲೂ ಅದು ಪಾಪ ಸಲೀಸಾಗಿಯೇ ಕೂರುತ್ತದೆ, ಗಾಳಿಯನ್ನೂ ಹಿಡಿಯುತ್ತದೆ. ಭಾರ ಬಿದ್ದಾಗ ಮಾತ್ರ ಅದರ ಅಂಚು ರಿಮ್ಮಿನಲ್ಲಿ ಸರಿದಾಡಲು ಶುರುವಾಗುತ್ತದೆ. ಸರಿದು ಸರಿದು ಒಂದು ತಿರುವಿನಲ್ಲಿ ಹೊರಗೆ ಬಂದುಬಿಡುತ್ತದೆ. ಮೇಲೆ ಕಬ್ಬು ಎರಡಾಳು ಎತ್ತರಕ್ಕೆ ಒಟ್ಟಿರುತ್ತದೆ.

ಅಳೆಯುವುದು ರಿಮ್ಮಿನ ಎರಡು ತುಟಿಗಳ ಒಳಮೈಯಿಂದ. ಹೊರಗಿನಿಂದ ಅಳೆದರೆ ಸುಮಾರು ಒಂದಿಂಚು ಹೆಚ್ಚು ಬರುತ್ತದೆ. ಮುರಗೆಪ್ಪ ಕಾಕಾನ ತುಂಡು ಸರಿಯಾಗಿ ಆರಿಂಚು ಇತ್ತು. ಹಳೆಯ ಟಾಯರಿನ ಬದಿ ಸವೆದು ಹೋಗಿದೆ, ಹದಿನಾರು ಅನ್ನುವುದಷ್ಟೇ ಕಾಣುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು. ನಾನು ಏಳೂವರೆ ಹದಿನಾರು ಕಳಿಸಿದೆ. ನಿನ್ನೆ ಮುಂಜಾನೆ ಕಳಿಸಿದ್ದು. ಒಳಗಿನಿಂದಲೋ ಹೊರಗಿನಿಂದಲೋ ಎಂದು ಕೇಳಿರಲಿಲ್ಲ.

ಆರೂವರೆಯಾಗಿತ್ತು. ಫೋನ್ ಹಚ್ಚಿದೆ.

"ಯಾರವಾ? ರೂಪಾಲಿ? ಇಷ್ಟ ಲಗೂ ಅಂಗಡಿ ತಗದಿಯೇನ?" ಮುರಗೆಪ್ಪ ಕಾಕಾ ಚಹಾ ಹೀರುವುದು ಕೇಳಿಸಿತು.

"ಕಾಕಾರ, ಆ ಕಬ್ಬಿನ ತುಂಡ ಯಾರು ಕಡದ್ರಿ? ರಿಮ್ ಒಳಗಿಂದ ಅಳದ್ರೋ ಹೊರಗಿಂದೋ?"

"ನಮ್ಮ ಹೆಂಡ್ತಿ ಕಡದಾಳ. ಯಾಕ, ಸವಿ ಇರಲಿಲ್ಲೇನ ಕಬ್ಬ?" ಎಂದು ನಕ್ಕು, "ಏ ಶಿವಗಂಗಾ, ಟಾಯರಿನ ತಂಗಿ ನಿನ್ನ ಇಚಾರಸಾಕತ್ತಾಳ ನೋಡ" ಎಂದು ಕೂಗಿದರು.

ಶಿವಗಂಗವ್ವ ಫೋನ್ ತೆಗೆದುಕೊಂಡಳು. "ಯವ್ವಾ, ನಾ ಹೊರಗ ಯಾಕ ಅಳೀಲಿ? ಇಪ್ಪತ್ತ ವರ್ಷ ಜಂಪರ ಹೊಲದೇನಿ. ಒಳಗ ಎಷ್ಟ ಜಾಗ ಐತಿ ಅನ್ನೂದ ನೋಡೇ ಕಡದೇನಿ. ಕೂದಲೆಳಿ ಫರಕ ಇಲ್ಲ."

ನನಗೆ ಹಗುರವಾಯಿತು. ಇಷ್ಟು ಚಲೋ ಅಳತೆ ನಾನೂ ತೆಗೆಯುತ್ತಿರಲಿಲ್ಲ ಅನ್ನಿಸಿತು. ಫೋನ್ ಇಡಬೇಕು. ಆದರೆ ನನ್ನ ಸ್ವಭಾವಕ್ಕೆ ಒಂದು ಹೆದರಿಕೆ ಹೋದರೆ ಆ ಜಾಗ ಖಾಲಿ ಉಳಿಯುವುದಿಲ್ಲ.

"ಕಾಕೂ, ಪಂಚರ್ ಆದ ಗಾಲಿ ಮನ್ಯಾಗ ಇತ್ತೇನ್ರಿ ಆಗ?"

"ಅದೆಲ್ಲಿ ಇರ್ತೈತಿ, ಅದನ್ನ ಪಂಚರ್ ಅಂಗಡಿಗೆ ಒಯ್ದಿದ್ರ. ನಾ ಟ್ರಾಲಿ ಈ ಬಾಜೂದ ಗಾಲಿ ಅಳದೆ. ಎಲ್ಲಾ ಗಾಲಿ ಒಂದ ತರನ ಇರ್ತಾವಲ್ಲವಾ?"

ಪಕ್ಕದಲ್ಲೇ ಕೇಳುತ್ತಿದ್ದ ಕಾಕಾ ಮತ್ತೆ ಫೋನಿಗೆ ಬಂದರು. ಅವರ ದನಿ ಸ್ವಲ್ಪ ಬದಲಾಗಿತ್ತು. "ತಂಗಿ, ಆ ಗಾಲಿ ಹೋದ ವರ್ಷ ಬ್ಯಾರೆ ಹಾಕ್ಸೇನಿ ನೋಡ. ರಿಮ್ ಸೀಳಿತ್ತಂತ, ಹಳೇ ಟ್ರ್ಯಾಕ್ಟರಿನ ಮುಂದಿನ ಗಾಲಿದ ಒಂದ ರಿಮ್ ಇತ್ತ, ಅದಕ್ಕ ನಡುವಿನ ತಟ್ಟಿ ಬೆಸಿಗಿ ಹಚ್ಚಿಸಿದೆ. ಹದಿನಾರನ ಐತೆಲ್ಲ ಅದೂ?"

ಹದಿನಾರೇ. ಟ್ರ್ಯಾಕ್ಟರಿನ ಮುಂದಿನ ಸಣ್ಣ ಗಾಲಿಯ ರಿಮ್ಮು ಹದಿನಾರೇ ಇರುತ್ತದೆ. ಅಗಲ ಮಾತ್ರ ನಾಲ್ಕೂವರೆ.

"ಟ್ರಾಲಿ ಎಲ್ಲೈತ್ರಿ ಈಗ?"

"ಡ್ರೈವರ ಭೀಮಗೊಂಡ ತಗೊಂಡ ಹೋಗ್ಯಾನ. ತುಂಬಿದ ಎರಡ ಟ್ರಾಲಿ. ಬೆಳಗ ಹರಿಯೂ ಮುಂಚೆ ಹೋದ, ಈಗ ಸಕ್ಕರಿ ಕಾರ್ಖಾನಿ ಅಂಗಳದಾಗ ಪಾಳಿ ಹಚ್ಚಿರ್ಬೇಕ. ಹಾಡ ಹಚ್ಚಿದನಂದ್ರ ಫೋನ್ ಕೇಳಂಗಿಲ್ಲ ಆ ಪುಣ್ಯಾತ್ಮಗ. ಹಿಂದಿನ ಟ್ರಾಲಿ, ಬಲಗಡೆ ಹಿಂದಿನ ಗಾಲಿ. ಟ್ರಾಲಿ ಹಿಂದ ನವಿಲ ಐತಿ, ಗುರ್ತ ಸಿಗ್ತೈತಿ."

ಭೀಮಗೊಂಡನಿಗೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ನಮ್ಮ ಹಿರಿಯ ಫಿಟ್ಟರ್ ದಸ್ತಗೀರ ಚಾಚಾ ಅಂಗಡಿಯ ಹಿಂದಿನ ಓಣಿಯಲ್ಲೇ ಇರುವುದು. ಹೋಗಿ ಬಾಗಿಲು ಬಡಿದೆ. ಅರ್ಧ ಗಡ್ಡ ಹೆರೆದ ಮುಖದಲ್ಲೇ ಎಲ್ಲ ಕೇಳಿಸಿಕೊಂಡರು.

"ನಿನಗ ನಿದ್ದ್ಯಾಗೂ ಟಾಯರ ಉರುಳ್ತಾವನ ಬೇಟಾ?" ಎಂದರು. ಆಮೇಲೆ ನನ್ನ ಮುಖ ನೋಡಿ, ಉಳಿದರ್ಧ ಗಡ್ಡವನ್ನು ಹಾಗೇ ಬಿಟ್ಟು, ಜಾಕು, ಪಾನಾಗಳ ಚೀಲವನ್ನು ಬೈಕಿಗೆ ಕಟ್ಟಿದರು.

ಊರು ಬಿಡುತ್ತಲೇ ಮಂಜು. ಅಂಕಲಿ ದಾಟಿ ಕೃಷ್ಣಾ ಸೇತುವೆಯ ಮೇಲೆ ಬಂದಾಗ ನದಿಯೇ ಇರಲಿಲ್ಲ. ಕೆಳಗೂ ಬಿಳುಪು, ಮೇಲೂ ಬಿಳುಪು. ನಡುವೆ ಸೇತುವೆಯ ಕಟಾಂಜನ ಒಂದೊಂದೇ ಕಂಬವಾಗಿ ಹುಟ್ಟಿ ಹಿಂದಕ್ಕೆ ಕರಗುತ್ತಿತ್ತು. ಬೈಕು ನಿಂತಲ್ಲೇ ನಿಂತಿದೆ, ಲೋಕವನ್ನು ಯಾರೋ ನಮ್ಮ ಕೆಳಗಿನಿಂದ ಮೆಲ್ಲಗೆ ಎಳೆಯುತ್ತಿದ್ದಾರೆ ಅನ್ನಿಸಿತು. ನಾನಿನ್ನೂ ಹಾಸಿಗೆಯಲ್ಲೇ ಇದ್ದೇನೇನೋ, ಇದೂ ಆ ಗಾಲಿಯ ಕನಸಿನ ಮುಂದಿನ ಭಾಗವೇನೋ. ಹಾಗಿದ್ದರೆ ಒಳ್ಳೆಯದು ಎಂದುಕೊಂಡೆ. ಕನಸಿನಲ್ಲಿ ಯಾರ ಮೇಲೂ ಕಬ್ಬು ಬೀಳುವುದಿಲ್ಲ.

ಸೇತುವೆ ಇಳಿದ ಮೇಲೆ ರಸ್ತೆಯ ಬಲಕ್ಕೆ, ತಗ್ಗಿನಲ್ಲಿ, ಒಂದು ದೊಡ್ಡ ಕಬ್ಬಿನ ರಾಶಿ ಕಂಡಿತು. ಅದರ ಪಕ್ಕದಲ್ಲಿ ಏನೋ ಅಡ್ಡಬಿದ್ದ ಹಾಗೆ.

"ಚಾಚಾ, ನಿಲ್ಲಸ್ರಿ!"

ಇಳಿದು ಓಡಿದೆ. ಕಾಲಿಗೆ ಕಬ್ಬಿನ ಒಣಗರಿಯ ತಣ್ಣನೆಯ ರವದಿ ಹತ್ತಿತು. ಹತ್ತಿರ ಹೋದರೆ ಅಡ್ಡಬಿದ್ದದ್ದು ಒಂದು ಗುಡಿಸಲು. ರಾಶಿ ಅಲ್ಲಿಯ ಕಬ್ಬು ಕಡಿಯುವವರು ಕಡಿದಿಟ್ಟದ್ದು. ಒಲೆಯ ಮುಂದೆ ಕೂತಿದ್ದ ಹೆಂಗಸು ರೊಟ್ಟಿ ತಟ್ಟುತ್ತ ನನ್ನನ್ನು ನೋಡಿ, "ಕಾಯ ಝಾಲಂ ತಾಯಿ?" ಎಂದು ಮರಾಠಿಯಲ್ಲಿ ಕೇಳಿದಳು. ಏನಾಯಿತೆಂದು ಹೇಳಲು ನನಗೆ ಮರಾಠಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. "ಕಾಹೀ ನಾಹಿ", ಏನಿಲ್ಲ, ಎಂದಷ್ಟೇ ಹೇಳಿ ತಿರುಗಿ ಬಂದೆ.

ಕಾರ್ಖಾನೆ ಕಾಣುವ ಮೊದಲೇ ಕೇಳಿಸಿತು. ಪ್ರತಿ ಟ್ರ್ಯಾಕ್ಟರಿನ ತಲೆಯ ಮೇಲೂ ಎರಡೆರಡು ಸ್ಪೀಕರು, ಒಂದೊಂದರಲ್ಲಿ ಒಂದೊಂದು ಹಾಡು. ದೂರದಿಂದ ಅವೆಲ್ಲ ಕಲೆತು ಜೇನುಹುಳದ ಸದ್ದಿನ ಹಾಗೆ ಮಂಜಿನೊಳಗಿಂದ ಬರುತ್ತಿತ್ತು. ಬೆಲ್ಲದ ಪಾಕ ಹತ್ತಿದಂಥ ವಾಸನೆ. ಗೇಟಿನ ಒಳಗೆ ಹೋದರೆ ಅಂಗಳ ತುಂಬ ಟ್ರಾಲಿಗಳು, ಸಾಲಿನ ಹಿಂದೆ ಸಾಲು. ತುದಿ ಎಲ್ಲಿದೆಯೋ ಕಾಣಲಿಲ್ಲ. ಟ್ರಾಲಿ ಹಿಂದಿನ ಫಲಕ ನೋಡುತ್ತ ಬಂದೆವು.

"ನವಿಲ ಐತಿ ಅಂದ್ನೇನ ಮುರಗೆಪ್ಪ?" ಚಾಚಾ ನಿಂತರು. "ಇಲ್ಲಿ ಎಲ್ಲಾರ ಟ್ರಾಲಿ ಮ್ಯಾಲೂ ನವಿಲ ಕುಂತಾವಲ್ಲ! ಒಬ್ಬಾಂವನ ಪೇಂಟರ್ ಕಾಣತಾನ ಮೂರ ತಾಲೂಕಿಗೆ."

ಹೆಸರು ಕೂಗಿದರೆ ಹಾಡುಗಳ ನಡುವೆ ಯಾರಿಗೂ ಕೇಳಿಸದು. ಹೊಸ ಟಾಯರಿನ ಮೈಮೇಲೆ ಸಣ್ಣ ರಬ್ಬರಿನ ಕೂದಲುಗಳಿರುತ್ತವೆ. ನಾಲ್ಕು ದಿನ ಓಡಿದ ಮೇಲೆ ಉದುರಿ ಹೋಗುತ್ತವೆ. ನಾನು ಬಲಗಡೆಯ ಹಿಂದಿನ ಗಾಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ನಡೆದೆ. ಎಲ್ಲವೂ ಕೆಸರು ಮೆತ್ತಿದವು. ಕಿಸೆಯಿಂದ ಸೀಮೆಸುಣ್ಣದ ಖಡು ತೆಗೆದು ಬದಿಗೆ ತಿಕ್ಕಿದರೆ ಕಪ್ಪಿನೊಳಗಿಂದ ಅಂಕಿಗಳು ಬೆಳ್ಳಗೆ ಎದ್ದು ಬರುತ್ತಿದ್ದವು. ಒಂಬತ್ತು ಹದಿನಾರು. ಒಂಬತ್ತು ಇಪ್ಪತ್ತು. ಏಳೂವರೆ ಹದಿನಾರು, ಆದರೆ ಬೋಳು. ಎಷ್ಟು ಗಾಲಿ ಆಯಿತೋ ಲೆಕ್ಕ ತಪ್ಪಿತು. ಗಾಲಿಗಳು ಮಲಗಿದ ದನಗಳ ಹಾಗೆ ಬೆಚ್ಚಗೆ ಉಸಿರಾಡುತ್ತಿವೆ ಅನ್ನಿಸತೊಡಗಿತು.

ಆಮೇಲೆ ಅಂಗೈಗೆ ಕೂದಲು ಚುಚ್ಚಿದವು.

ಖಡು ಬೇಕಾಗಲಿಲ್ಲ. ನಾನು ಕಳಿಸಿದ್ದೇ. ಟಾಯರಿನ ಹೊಟ್ಟೆ ಉಬ್ಬಿ ದುಂಡಗಾಗಿತ್ತು. ರಿಮ್ಮಿನ ಮೇಲ್ಗಡೆ ಟಾಯರಿನ ಮೇಲೆ ಒಂದು ತೆಳು ಗೆರೆ ಸುತ್ತಲೂ ಸಮನಾಗಿ ಕಾಣಬೇಕು. ಇಲ್ಲಿ ಅದು ಒಂದು ಕಡೆ ಕಾಣುತ್ತಿತ್ತು, ಇನ್ನೊಂದು ಕಡೆ ರಿಮ್ಮಿನೊಳಗೆ ಮುಳುಗಿತ್ತು. ಚಾಚಾ ಕೂತು ರಿಮ್ಮಿನ ಕೆಸರು ಹೆರೆದರು, ಅದರ ಕೆಳಗಿನ ಹಸಿರು ಬಣ್ಣ ಹೆರೆದರು. ಕಬ್ಬಿಣದಲ್ಲಿ ಒತ್ತಿದ ಅಂಕಿ ಕಂಡಿತು. ನಾಲ್ಕೂವರೆ.

ಚಾಚಾ ಅದರ ಮೇಲೆ ಹೆಬ್ಬೆರಳಾಡಿಸಿದರು.

ಭೀಮಗೊಂಡ ಮೇಲಿನ ಸೀಟಿನಲ್ಲಿ ಕಂಬಳಿ ಹೊದ್ದು ಕೂತಿದ್ದ. ಇಪ್ಪತ್ತೆಂಟು ಮೂವತ್ತರ ಆಳು. ನನ್ನನ್ನು ಅಂಗಡಿಯಲ್ಲಿ ಕಂಡು ಬಲ್ಲ. ಹಾಡಿನ ಸದ್ದು ತಗ್ಗಿಸಿ, "ಅಕ್ಕಾರ! ಮುಂಜಾನೆ ವಾಕಿಂಗ್ ಚಿಕ್ಕೋಡಿಯಿಂದ ಇಲ್ಲೀಮಟ ಬಂದೀರೇನ?" ಎಂದ.

ಹೇಳಿದೆ. ನನ್ನ ಮಾತು ಯಾವಾಗಲೂ ಇರುವಂತೆ ತೊದಲಿತು. ತಪ್ಪು ಟಾಯರು ಕಳಿಸಿದವಳು ನಾನೇ ಎಂದೂ ಹೇಳಿದೆ.

"ಇಪ್ಪತ್ತ ಕಿಲೋಮೀಟರ್ ಜಗ್ಗೇನಿ ಅಕ್ಕಾರ, ಏನೂ ಆಗಿಲ್ಲ. ಇನ್ನ ನೂರ ಮಾರ ಐತಿ ಕಾಟಾ. ಇಲ್ಲಿ ಪಾಳಿ ಬಿಟ್ರ ನಾಳಿ ಸಂಜಿ ಬರತೈತಿ ನನ್ನ ನಂಬರ. ಖಾಲಿ ಮಾಡಿ ಬಂದ ಮ್ಯಾಲ ನೀವ ಹೇಳಿದ್ದ ಮಾಡತೇನಿ. ಆತಿಲ್ಲ?"

ಅವನು ಹೇಳುವುದೂ ಸರಿ ಅನ್ನಿಸಿತು. ನನಗೆ ಯಾವಾಗಲೂ ಎದುರಿನವರು ಹೇಳುವುದು ಸರಿ ಅನ್ನಿಸುತ್ತದೆ. ಆದರೆ ಸಾಲು ಮುಂದೆ ಹೋಗಿ ಕಬ್ಬು ತೂಗುವ ಕಾಟಾ ಹತ್ತಿರ ಎಡಕ್ಕೆ ತಿರುಗುತ್ತದೆ. ಎಡಕ್ಕೆ ತಿರುಗಿದರೆ ಭಾರವೆಲ್ಲ ಬಲಗಡೆಗೆ. ಅಲ್ಲಿ ಬಲಗಡೆಗೆ ಚಹಾದ ಅಂಗಡಿಗಳಿದ್ದವು. ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಬೆಂಕಿ ಕಾಯಿಸುತ್ತ ಕೂತಿದ್ದರು. ಮಂಜಿನಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ಬೆಂಕಿಯ ಕೆಂಪು, ನಾಲ್ಕೈದು ಬಳೆ ಮಿಂಚಿದ್ದು, ಅಷ್ಟೇ.

ಖಡುವಿನಿಂದ ರಿಮ್ಮಿನ ಮೇಲಿನಿಂದ ಟಾಯರಿನ ಮೇಲೆ ಒಂದು ನೇರ ಗೆರೆ ಎಳೆದೆ. ಎರಡಕ್ಕೂ ಸೇರಿ ಒಂದೇ ಗೆರೆ.

"ಭೀಮಗೊಂಡ, ನಾನು ಗಾಲಿ ಜೋಡಿ ನಡಕೋತ ಬರತೇನಿ. ಈ ಗೆರಿ ತುಂಡ ಆಗಲಿಲ್ಲಂದ್ರ ನೀ ಹೇಳಿದ್ದ ಖರೆ. ತುಂಡ ಆತಂದ್ರ ಕೈ ಎತ್ತತೇನಿ. ನಿಲ್ಲಸ್ಬೇಕ ಮತ್ತ."

"ಎತ್ತರಿ, ಎತ್ತರಿ. ಲಗ್ನದ ವರಾತಕ್ಕ ಬಂದಂಗ ಬರ್ರಿ" ಎಂದು ನಕ್ಕ.

ಹೀಗೆ ನಾನು ಗಾಲಿಯ ಜೊತೆ ನಡೆದೆ. ಸಾಲು ಒಂದು ಟ್ರಾಲಿಯಷ್ಟು ಸರಿಯುವುದು, ನಿಲ್ಲುವುದು. ಮತ್ತೆ ಸರಿಯುವುದು. ಬಿಳಿ ಗೆರೆ ಮೇಲೆ ಬರುತ್ತಿತ್ತು, ಮುಂದಕ್ಕೆ ಬಾಗುತ್ತಿತ್ತು, ಕೆಸರಿಗೆ ಇಳಿಯುತ್ತಿತ್ತು, ಹಿಂದಿನಿಂದ ಮತ್ತೆ ಏಳುತ್ತಿತ್ತು. ಒಂದೇ ಗೆರೆ. ಮತ್ತೆ ಒಂದೇ ಗೆರೆ. ಸುತ್ತಲಿನ ಹಾಡುಗಳು ದೂರ ಹೋದವು. ನನಗೆ ನನ್ನ ಕಾಲು ಇರುವುದೇ ಮರೆತುಹೋಯಿತು. ಇಡೀ ಅಂಗಳ ನಿಂತಿದೆ, ಈ ಗೆರೆಯೊಂದೇ ಹುಟ್ಟಿ ಮುಳುಗುತ್ತಿದೆ. ಎಷ್ಟು ಹೊತ್ತು ಹಾಗೆ ನಡೆದೆನೋ. ಒಮ್ಮೆ ಚಾಚಾ ನನ್ನ ಕೈಗೆ ಚಹಾ ಕೊಟ್ಟರು. ಕುಡಿದೆನೋ ಚೆಲ್ಲಿದೆನೋ ನೆನಪಿಲ್ಲ. ಗೆರೆ ತುಂಡಾಗದಿದ್ದರೆ ಇಷ್ಟು ಜನರ ಮುಂದೆ ಹುಚ್ಚಿಯಂತೆ ನಡೆದವಳು ನಾನು. ತುಂಡಾದರೆ ಇಷ್ಟು ಜನರ ಮುಂದೆ ತಪ್ಪು ಮಾಡಿದವಳೂ ನಾನೇ. ಯಾವುದನ್ನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಟ್ರ್ಯಾಕ್ಟರು ಎಡಕ್ಕೆ ತಿರುಗಿತು. ಮೊದಲನೆಯ ಟ್ರಾಲಿ ತಿರುಗಿತು. ಕಬ್ಬು ನರಳಿತು. ಗೆರೆ ಕೆಸರಿಗೆ ಇಳಿಯಿತು.

ಮೇಲೆ ಬಂದಾಗ ಎರಡಾಗಿತ್ತು. ರಿಮ್ಮಿನ ಗೆರೆ ಮುಂದೆ, ಟಾಯರಿನ ಗೆರೆ ನಾಲ್ಕು ಬೆರಳು ಹಿಂದೆ.

ಕೈ ಎತ್ತಿದೆ. ಕೂಗಲೂ ಕೂಗಿದೆ ಎಂದು ಚಾಚಾ ಆಮೇಲೆ ಹೇಳಿದರು, ಅಂಥ ದನಿ ನಿನ್ನಲ್ಲಿ ಇದೆ ಅಂತ ಗೊತ್ತಿರಲಿಲ್ಲ ಎಂದರು. ಟ್ರ್ಯಾಕ್ಟರು ನಿಂತಿತು. ಚಾಚಾ ಬೆಂಕಿಯ ಹತ್ತಿರ ಓಡಿ, "ಉಠಾ, ಉಠಾ, ಬಾಜೂಲಾ ವ್ಹಾ" ಎಂದು ಹೆಂಗಸರನ್ನೆಲ್ಲ ಎಬ್ಬಿಸಿದರು.

ಭೀಮಗೊಂಡ ನಗುತ್ತಲೇ ಇಳಿದು ಬಂದ. ಗೆರೆ ನೋಡಿದ. ಕೂತು, ತನ್ನ ನಾಲ್ಕು ಬೆರಳನ್ನು ಎರಡು ಗೆರೆಗಳ ನಡುವೆ ಇಟ್ಟ. ಬೆರಳು ಸರಿಯಾಗಿ ಹಿಡಿಸಿದವು. ತಲೆಯೆತ್ತಿ ಮೇಲಿನ ಕಬ್ಬು ನೋಡಿದ, ಆಮೇಲೆ ಖಾಲಿಯಾದ ಬೆಂಕಿಯ ಸುತ್ತ ನೋಡಿದ. ಹೋಗಿ ಟ್ರ್ಯಾಕ್ಟರು ಬಂದ್ ಮಾಡಿದ.

ಹಿಂದಿನವರು ಬಯ್ಯತೊಡಗಿದರು. "ಏ ನವಿಲಾ, ತತ್ತಿ ಇಡಾಕತ್ತಿಯೇನ ಅಲ್ಲಿ? ಸರೀಲೇ!" ಆದರೆ ನಾವು ಅಡ್ಡ ನಿಂತಿದ್ದರಿಂದ ಅವರಿಗೂ ದಾರಿಯಿರಲಿಲ್ಲ. ಭೀಮಗೊಂಡ ಟ್ರಾಲಿ ಹತ್ತಿ ಕಬ್ಬಿನ ಹೊರೆ ಎಡಗಡೆಗೆ ಒಗೆಯತೊಡಗಿದಾಗ, ಬಯ್ಯುತ್ತಿದ್ದವರೇ ಇಳಿದು ಬಂದರು. ಬಯ್ಯುತ್ತಲೇ ಹೊರೆ ಹಿಡಿದರು. ಅರ್ಧ ಇಳಿದ ಮೇಲೆ ಚಾಚಾ ಗಾಳಿ ಬಿಟ್ಟು, ಜಾಕು ಹಚ್ಚಿ, ಗಾಲಿ ಕಳಚಿದರು. ಟಾಯರಿನ ಒಳ ಅಂಚಿನಲ್ಲಿ ಗೇಣುದ್ದ ರಬ್ಬರು ಕಿತ್ತು, ಒಳಗಿನ ತಂತಿ ಹೊಸ ಸೂಜಿಯ ಹಾಗೆ ಹೊಳೆಯುತ್ತಿತ್ತು. ಮೂರು ಎಳೆ ಆಗಲೇ ಕಡಿದಿದ್ದವು.

ಖಾಲಿಯಾಗಿ ಹೊರಟಿದ್ದ ಒಂದು ಟ್ರಾಲಿಯವನು, ಭೀಮಗೊಂಡ ಖಾಲಿ ಮಾಡಿ ಬರುವ ತನಕ, ತನ್ನ ಒಂದು ಗಾಲಿ ಬಿಚ್ಚಿಕೊಡಲು ಒಪ್ಪಿದ. ನಾನು ಕೆಸರಿನಲ್ಲಿ ಕೂತು ಅದರ ರಿಮ್ಮನ್ನು ಓಢಣಿಯಿಂದ ಒರೆಸಿದೆ. ಟಾಯರು ಏಳೂವರೆ ಹದಿನಾರು. ರಿಮ್ಮು ಆರು. ಬೋಲ್ಟಿನ ತೂತು ಎಣಿಸಿದೆ, ಭೀಮಗೊಂಡನ ಟ್ರಾಲಿಯ ಬೋಲ್ಟು ಎಣಿಸಿದೆ, ಮತ್ತೆ ತೂತು ಎಣಿಸಿದೆ. "ಹಾಕ್ರಿ ಚಾಚಾ" ಎಂದೆ.

ಕಬ್ಬು ಮತ್ತೆ ಏರಿಸುವಾಗ ಮಂಜು ತೆಳುವಾಗತೊಡಗಿತ್ತು. ನಾನು ಒಂದು ಬದಿಗೆ ನಿಂತು, ಅವರೇ ಕೇಳುವ ಮೊದಲು ಮಾಮಾಗೆ ಫೋನ್ ಮಾಡಿದೆ. ಮೊದಲಿನಿಂದ ಕೊನೆಯ ತನಕ ಹೇಳಿದೆ.

"ಭೀಮಗೊಂಡ ಹೆಂಗದಾನ?" ಎಂದರು.

"ಅರಾಮ ಅದಾನ್ರಿ. ಮಾಮಾ, ಯಾವ ಗಾಲಿ ಅಳದ್ರಿ ಅಂತ ನಾ ಕೇಳಬೇಕಾಗಿತ್ತ."

"ನಾ ಇದ್ದಿದ್ರೂ ಕೇಳತಿರಲಿಲ್ಲ ಬಿಡವಾ" ಎಂದು ಫೋನ್ ಇಟ್ಟರು.

ಅವರು ಬಯ್ದಿದ್ದರೆ ಹಗುರವಾಗುತ್ತಿತ್ತು. ಮೂವತ್ತು ವರ್ಷ ಈ ಅಂಗಡಿ ನಡೆಸಿದವರು ಕೇಳುತ್ತಿರಲಿಲ್ಲ ಎಂದರೆ ನಾನು ಯಾರ ಮೇಲೆ ಒರಗಿ ನಿಲ್ಲಬೇಕು? ಹಾಗೇ ನಿಂತಿದ್ದೆ. ಎರಡು ನಿಮಿಷವೂ ಆಗಿರಲಿಲ್ಲ, ಫೋನ್ ಮತ್ತೆ ರಿಂಗಾಯಿತು.

"ರೂಪಾಲಿ, ಕೊಕಟನೂರ ಕೆಂಪವ್ವಗ ದೀಪಾವಳಿ ಆದ ಮ್ಯಾಲ ಒಂದ ಟಾಯರ ಕಳಿಸೇನಿ. ಆಕಿದೂ ಕಬ್ಬಿನ ತುಂಡನ ಬಂದಿತ್ತ." ಮಾಮಾನ ದನಿ ಸಣ್ಣದಾಗಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕತ್ತಲಲ್ಲಿ ಕೂತು ಒಂದೊಂದೇ ಗಾಲಿಯನ್ನು ನೆನೆಯುತ್ತಿದ್ದಾರೆ ಅನ್ನಿಸಿತು. "ರಾಯಬಾಗದ ಭಾವುಸಾಹೇಬಗ ಎರಡ. ನಿಪ್ಪಾಣಿ ರೋಡಿನ ಇಟ್ಟಂಗಿ ಭಟ್ಟಿಯವಗ ಒಂದ. ತಡಿ, ಇನ್ನೂ ಅದಾವ. ಬರಕೊ."

ಕಾಗದವಿರಲಿಲ್ಲ. ಪಕ್ಕದ ಟ್ರಾಲಿಯ ಹಿಂದಿನ ಫಲಕದ ಮೇಲೆ, ನವಿಲಿನ ಕೊರಳ ಕೆಳಗೆ, ಖಡುವಿನಿಂದ ಬರೆಯುತ್ತ ಹೋದೆ. ಮಾಮಾ ಹೇಳುತ್ತಲೇ ಇದ್ದರು. ಹೆಸರುಗಳು ಗರಿಗಳ ಮೇಲೆ ಹಬ್ಬಿದವು. ಬಿಸಿಲು ಬಿದ್ದು ಅಂಗಳ ಪೂರ್ತಿ ಕಂಡಿತು.

ಆ ಫಲಕದ ಟ್ರಾಲಿಯವನು ಬಂದು, "ಅಕ್ಕಾರ, ನನ್ನ ಪಾಳಿ ಬಂತ್ರಿ, ಹೋಗ್ಬೇಕ" ಎಂದ. ನಾನು ಫೋನಿನಲ್ಲಿ ಫಲಕದ ಫೋಟೋ ತೆಗೆದುಕೊಂಡೆ. ಸ್ಪಷ್ಟ ಬಂದಿದೆಯೋ ಇಲ್ಲವೋ ಎಂದು ಇನ್ನೊಂದು ತೆಗೆದೆ.

ಚಾಚಾ ಚೀಲ ಕಟ್ಟಿ ಬೈಕು ಹತ್ತಿ ಕೂತಿದ್ದರು. ಅವರ ಅರ್ಧ ಗಡ್ಡಕ್ಕೆ ರವದಿಯ ಚೂರು ಅಂಟಿತ್ತು.

"ಅಂಗಡಿಗೆನ ಬೇಟಾ?"

"ಇಲ್ರಿ ಚಾಚಾ," ಎಂದೆ. "ಕೊಕಟನೂರಿಗೆ."